ಬದನೆಕಾಯಿ ದಾಟದ ಮೈಕು

ತಾವರೆಕೆರೆಯ ಪಾಲಣ್ಣ ಮಾತಿನಲ್ಲಿ ಮಹಾ ಜಿಪುಣ. ಹೊಲದಲ್ಲಿ ಎತ್ತುಗಳ ಜೊತೆ ಹೊತ್ತು ಹೋಗುವುದೇ ತಿಳಿಯದಂತೆ ಹರಟುವವನು, ಮನೆಗೆ ಬಂದರೆ ‘ಹೂಂ’, ‘ಉಹೂಂ’ ಎರಡರಲ್ಲೇ ದಿನ ದೂಡುತ್ತಾನೆ. ಮದುವೆಯ ದಿನ ಅವನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿ ಒಳಗೆ ಬನ್ನಿ ಎಂದು ಗಂಡು ಹೆಣ್ಣು ಇಬ್ಬರನ್ನೂ ಹಿಡಿದಿದ್ದರು. ಮದುಮಗಳು ಹೊನ್ನಕ್ಕ ನಾಚುತ್ತಲೇ ಗಂಡನ ಹೆಸರು ಹೇಳಿ ಮುಗಿಸಿದಳು. ಇವನು? ಕಿವಿ ಬಿಸಿಯಾಗಿ, ಅವರ ಕೈ ಕೆಳಗೆ ನುಸುಳಿ ಒಳಗೆ ಓಡಿಬಿಟ್ಟ. ಅವತ್ತಿನಿಂದ ಹೆಂಡತಿ ಅವನಿಗೆ ‘ಇವಳೇ’, ‘ಏ, ಇಲ್ಲಿ ನೋಡು’. ಮಕ್ಕಳ ಮದುವೆಯಾದರೂ ಹೊನ್ನಕ್ಕ ಆ ಮಾತು ಎತ್ತದ ಹಬ್ಬವಿಲ್ಲ. “ಹೆಸರು ಹೇಳ್ದೆ ಕಳ್ಳನಂಗೆ ನುಗ್ಗಿದ ಗಂಡು ಕಣಮ್ಮ ನಂದು” ಎಂದು ಬಂದವರಿಗೆಲ್ಲ ಹೇಳಿ ನಗುತ್ತಾಳೆ.

ಹೊನ್ನಕ್ಕ ಗೂಡ್ಸ್ ಆಟೋ ಓಡಿಸಿಕೊಂಡು ತರಕಾರಿ ಮಾರುವವಳು. ಬೆಳಗ್ಗೆ ಶಿರಾ ಮಾರ್ಕೆಟ್ಟು, ಆಮೇಲೆ ಕಳ್ಳಂಬೆಳ್ಳದ ಸುತ್ತಿನ ಹಳ್ಳಿಗಳು. ಕೂಗಿ ಕೂಗಿ ಗಂಟಲು ಬಿದ್ದುಹೋದಾಗ ಗಾಡಿಗೆ ಮೈಕು ಕಟ್ಟಿಸುವುದೆಂದಾಯಿತು. ತನ್ನ ದನಿ ತಾನೇ ಕೇಳಿದರೆ ನಗು ಬರುತ್ತದೆ ಎಂದು, ಕೂಗಿ ರೆಕಾರ್ಡ್ ಮಾಡುವ ಕೆಲಸವನ್ನು ಗಂಡನ ತಲೆಗೆ ಕಟ್ಟಿದಳು.

ಪಾಲಣ್ಣ ಫೋನು ಹಿಡಿದು ಹೊಲದ ಹುಣಸೆಮರದ ಕೆಳಗೆ ಹೋದ. ಕೇಳಲು ಎತ್ತುಗಳು ಬಿಟ್ಟರೆ ಯಾರೂ ಇಲ್ಲ. “ಬನ್ರಮ್ಮಾ ಬನ್ನಿ, ಈರುಳ್ಳಿ ಬಂತು, ಟಮೋಟ ಬಂತು, ಬದ್ನೆಕಾಯಿ ಬಂತು” ಎಂದು ಶುರು ಮಾಡಿದವನು ನುಗ್ಗೆ, ಹೀರೆ, ಕರಿಬೇವು ಎಲ್ಲ ದಾಟಿದ. ಕೊನೆಗೆ ಅದೇನು ಧೈರ್ಯ ಬಂತೋ, “ಈ ಗಾಡಿ ಓಡ್ಸೋದೂ ಅವಳೇ, ನಮ್ಮನೆ ನಡ್ಸೋದೂ ಅವಳೇ. ಅವಳ ಹೆಸರು ಹೊನ್ನಕ್ಕ. ನನ್ ಹೆಂಡ್ತಿ ಕಣ್ರಪ್ಪಾ” ಎಂದುಬಿಟ್ಟ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ. ಅಳಿಸಲು ಮನಸ್ಸು ಬರಲಿಲ್ಲ.

ಮೈಕು ಕಟ್ಟಿದ ದಿನ ರಾತ್ರಿ ಮುದ್ದೆ ಮುರಿಯುತ್ತಾ, ತಟ್ಟೆಯಿಂದ ಕಣ್ಣೆತ್ತದೆ ಕೇಳಿದ: “ಕೇಳಿಸ್ಕಂಡ್ಯಾ?”

“ಹೂಂ, ಚೆನ್ನಾಗೈತೆ. ಸೌಂಡು ಜೋರಾಗೈತೆ” ಎಂದು ಹೊನ್ನಕ್ಕ ಸಾರು ಬಡಿಸಿದಳು.

ಅಷ್ಟೇನಾ! ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಊರೂರಿಗೆ ಕೇಳುವಂತೆ ಹೇಳಿದರೆ ಸೌಂಡು ಜೋರಾಗಿದೆಯಂತೆ. ಪಾಲಣ್ಣನಿಗೆ ಒಳಗೊಳಗೇ ನೋವಾಯಿತು. ಮತ್ತೊಮ್ಮೆ ಕೇಳುವ ಆಸಾಮಿಯೇ ಅವನಲ್ಲ. ಎರಡು ಮುಂಗಾರು ಬಂದು ಹೋದರೂ ಮುನಿಸು ಹಾಗೇ ಉಳಿಯಿತು. ಅದು ಮುನಿಸೆಂದು ಹೊನ್ನಕ್ಕನಿಗೆ ತಿಳಿಯಲೂ ಇಲ್ಲ, ಮೊದಲೂ ಅವನು ಮಾತಾಡುತ್ತಿರಲಿಲ್ಲವಲ್ಲ.

ಬಿತ್ತನೆಗೆ ಕಡಲೆಕಾಯಿ ಬೀಜ ತರಲೆಂದು ಒಂದು ಬೆಳಗ್ಗೆ, ಮಿಕ್ಕ ತರಕಾರಿ ಮಾರುತ್ತಾ ಶಿರಾಕ್ಕೆ ಹೊರಟಿದ್ದ ಅವಳ ಗಾಡಿಯನ್ನೇ ಹತ್ತಿದ. ಆಗ ತಿಳಿಯಿತು ಸಂಗತಿ. ಯಾರಾದರೂ ಕೈ ಅಡ್ಡ ಹಿಡಿದರೆ ಹೊನ್ನಕ್ಕ ಗುಂಡಿ ಒತ್ತಿ ಮೈಕನ್ನು ಅಲ್ಲಿಗೇ ತಡೆದು, ಡೀಸೆಲ್ ಉಳಿಯಲೆಂದು ಎಂಜಿನ್ನೂ ಆರಿಸುತ್ತಾಳೆ. ವ್ಯಾಪಾರ ಮುಗಿಸಿ ಸೆಲ್ಫ್ ಹೊಡೆದ ಕೂಡಲೇ ಮೈಕಿಗೆ ದನಿ ಕೊಡುವ ಪ್ಲೇಯರಿನ ದೀಪ ಆರಿ, ಹತ್ತಿ, ಮತ್ತೆ ಮೊದಲಿಂದ: “ಬನ್ರಮ್ಮಾ ಬನ್ನಿ, ಈರುಳ್ಳಿ ಬಂತು...” ನಾಲ್ಕು ಮನೆ ದಾಟುವಷ್ಟರಲ್ಲಿ ಮತ್ತೊಬ್ಬರು ಕೈ ಅಡ್ಡ. ಊರು ದಾಟಿದರೆ ಹೊಲಗಳಿಗೆ ಯಾಕೆ ಕೂಗಬೇಕೆಂದು ಮೈಕೇ ಬಂದ್. ಅವನ ದನಿ ಒಂದು ದಿನವೂ ಬದನೆಕಾಯಿ ದಾಟಿರಲೇ ಇಲ್ಲ!

“ಇದು ಯಾವಾಗ್ಲೂ ಇಂಗೇನಾ?”

“ಹೂಂ. ಬದ್ನೆಕಾಯಿ ಗಾಡಿ ಅಂತಾರೆ ನಮ್ದನ್ನ. ಬುಡು, ಮಿಕ್ಕಿದ್ದು ಕಣ್ಗೆ ಕಾಣ್ತದಲ್ಲ.”

ಪಾಲಣ್ಣ ಬಿಡಲಿಲ್ಲ. ಬೀಜದ ಮಾತೇ ಮರೆತು, ಶಿರಾದಲ್ಲಿ ಗಾಡಿಗಳ ವೈರಿಂಗ್ ಮಾಡುವ ಇಮ್ತಿಯಾಜನ ಅಂಗಡಿಗೆ ಗಾಡಿ ಹೊಡೆಸಿದ. ಇವನಿಗೇನು ಬಂತು ಎಂದು ಬೆರಗಾಗಿ ಹೊನ್ನಕ್ಕ ಮಾರ್ಕೆಟ್ಟಿಗೆ ನಡೆದಳು.

“ಬ್ಯಾಟ್ರಿದು ತಪ್ಪಿಲ್ಲ ಪಾಲಣ್ಣ” ಎಂದ ಇಮ್ತಿಯಾಜ್. “ಸೆಲ್ಫ್ ಮೋಟ್ರು ಒಂದೇ ಸಲಕ್ಕೆ ಅಷ್ಟೂ ಕರೆಂಟ್ ಎಳ್ಕೊಂತದೆ. ಆ ಒಂದ್ ಗಳಿಗೆ ಪ್ಲೇಯರ್‌ಗೆ ಸಾಲಲ್ಲ, ಎಚ್ಚರ ತಪ್ತದೆ. ಎಲ್ಲಿದ್ದೆ ಅಂತ್ಲೇ ಮರ್ತೋಗ್ತದೆ.” ಸಾಲಾಗಿ ಬೆಸೆದ ಆರು ಪುಟ್ಟ ಡಬ್ಬಿಗಳ ಪಟ್ಟಿಯೊಂದನ್ನು ತೆಗೆದು ತೋರಿಸಿದ. “ಸೂಪರ್ ಕೆಪಾಸಿಟರ್. ನಲ್ಲಿ ಬಂದಾಗ ಬಿಂದಿಗೆ ತುಂಬಿಟ್ಟಂಗೆ. ಕರೆಂಟ್ ಕುಸಿದಾಗ ಪ್ಲೇಯರ್ ಇದರಿಂದ ಕುಡೀತದೆ. ಈ ಬಿಂದಿಗೇನೂ ಮೋಟ್ರು ಖಾಲಿ ಮಾಡ್ದಂಗೆ ಮಧ್ಯೆ ಒಂದು ಡಯೋಡು. ಬಸ್.”

ಕೂರಿಸಿ, ಸೆಲ್ಫ್ ಹೊಡೆದು ನೋಡಿದರು. ದೀಪ ಮಿಸುಕಲಿಲ್ಲ. ತಡೆದ ಕಡೆಯಿಂದಲೇ ದನಿ ಮುಂದುವರಿದು ಬದನೆಕಾಯಿ ದಾಟಿತು, ಹೀರೆ ದಾಟಿತು. ಕರಿಬೇವು ಬರುತ್ತಿದ್ದಂತೆ ಪಾಲಣ್ಣ “ಸಾಕು ಸಾಕು” ಎಂದು ಹಾರಿ ಆರಿಸಿದ.

ಮರುದಿನ ಹೊನ್ನಕ್ಕ ಹೊರಟ ಮೇಲೆ ಪಾಲಣ್ಣನಿಗೆ ಕೈಯೂ ಓಡದು, ಕಾಲೂ ಓಡದು. ಯಾವ ಊರಲ್ಲಿ ಕೇಳಿದಳೋ, ಯಾರ ಮುಂದೆ ಕೇಳಿದಳೋ. ಮತ್ತೆ ‘ಸೌಂಡು ಜೋರಾಗೈತೆ’ ಅಂದರೆ? ಆಗ ಬದನೆಕಾಯಿಗೇ ನಿಂತುಹೋಗಿತ್ತು ಎಂದುಕೊಳ್ಳಲೂ ನೆಪವಿರುವುದಿಲ್ಲ. ಎತ್ತುಗಳ ಹತ್ತಿರವೂ ಅವತ್ತು ಮಾತಾಡಲಿಲ್ಲ ಪುಣ್ಯಾತ್ಮ.

ಸಂಜೆ ಹೊಲದಿಂದ ಬೀದಿಯ ತುದಿಗೆ ಬರುವಾಗಲೇ ಅವನಿಗೆ ಕೇಳಿಸಿತು. ತನ್ನೂರಲ್ಲಿ ಎಂದೂ ಮೈಕು ಹಾಕದವಳು ಖಾಲಿ ಗಾಡಿ ಮನೆ ಮುಂದೆ ನಿಲ್ಲಿಸಿ ಜೋರಾಗಿ ಹಾಕಿದ್ದಳು. “ಅವಳ ಹೆಸರು ಹೊನ್ನಕ್ಕ. ನನ್ ಹೆಂಡ್ತಿ ಕಣ್ರಪ್ಪಾ.” ಪಕ್ಕದ ಮನೆಯ ನಾಗರತ್ನಮ್ಮ ಬಾಯಿಗೆ ಸೆರಗಿಟ್ಟು ನಗುತ್ತಿದ್ದಳು. ಪಾಲಣ್ಣ ತಲೆ ತಗ್ಗಿಸಿ ಬಾಗಿಲಿಗೆ ನಡೆದ. ಹೊಸ್ತಿಲಲ್ಲಿ ಹೊನ್ನಕ್ಕ ಎರಡೂ ಕೈ ಅಡ್ಡ ಇಟ್ಟು ನಿಂತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು.

“ಇದನ್ನ ಇಷ್ಟ್ ದಿನ ಹೊತ್ಕಂಡು ತಿರುಗಿದ್ನಲ್ಲ. ಒಂದ್ ಮಾತು ಹೇಳಬಾರ್ದಾ?”

“ಹೇಳಿದ್ನಲ್ಲ... ಮೈಕಲ್ಲಿ.”

“ಮೈಕು ಹೇಳ್ತು. ಈಗ ನೀನ್ ಹೇಳಿ ಒಳಕ್ ಬಾ.”

ಕೈ ಕೆಳಗೆ ನುಸುಳಲು ಜಾಗವಿತ್ತು. ಪಾಲಣ್ಣ ಅತ್ತ ನೋಡಿದ, ಇತ್ತ ನೋಡಿದ. ಕಿವಿ ಬಿಸಿಯಾಯಿತು.

“ಹೊನ್ನಕ್ಕ” ಎಂದ.

ಅವಳು ಕೈ ತೆಗೆದಳು.