ತಗಡಿನ ಗಾಡಿಯ ಅಡುಗೆಮನೆ

ಬಾಗಿಲು ತೆರೆದದ್ದೇ ತಡ, ದಾಕ್ಷಾಯಣಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇಸ್ಸಿ! ಇದೇನ್ರೋ ಅಡುಗೆಮನೆ? ಹಂದಿನೂ ಕಾಲಿಡಲ್ಲ ಇದ್ರಲ್ಲಿ!"

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೋರ್‌ವೆಲ್ ಕೊರೆಯುವ ಲಾರಿಯ ಹಿಂದೆ ಊರೂರು ತಿರುಗುವ ಟ್ರ್ಯಾಕ್ಟರಿನ ಟ್ರೇಲರ್ ಅದು. ನಾಲ್ಕು ಕಡೆ ತಗಡು ಹೊಡೆದು, ಮೇಲೊಂದು ತಗಡು ಹೊದಿಸಿ, ಹಿಂದಕ್ಕೊಂದು ಬಾಗಿಲಿಟ್ಟು ಅದಕ್ಕೆ ಅಡುಗೆಗಾಡಿ ಎಂದು ಹೆಸರಿಟ್ಟಿದ್ದರು ಪುಣ್ಯಾತ್ಮರು. ಒಳಗೆ ಅಕ್ಕಿ ಮೂಟೆಗೆ ಒರಗಿಕೊಂಡು ಗ್ರೀಸ್ ಡಬ್ಬ, ಕಡ್ಲೆಕಾಯಿ ಎಣ್ಣೆಯ ಪಕ್ಕದಲ್ಲಿ ಡೀಸೆಲ್ ಕ್ಯಾನು, ಬೆಲ್ಲದ ಅಚ್ಚಿನ ಮೇಲೆ ಯಾರದೋ ಬೆವರಿನ ಬನೀನು. ಸಾರಿನ ಪಾತ್ರೆಯ ತಳದಲ್ಲಿ ಬೂಷ್ಟು ಹಸಿರಾಗಿ ಬೆಳೆದಿತ್ತು. ರಾಗಿಹಿಟ್ಟಿನ ಡಬ್ಬಕ್ಕೆ ಕೈ ಹಾಕಿದರೆ ಇಲಿ ಹಿಕ್ಕೆ ಬೆರಳಿಗೆ ಸಿಕ್ಕಿತು. ಇಷ್ಟು ದಿನ ಇದರಲ್ಲೇ ಮುದ್ದೆ ತೊಳಸಿಕೊಂಡು ತಿಂದಿದ್ದಾರಲ್ಲ ಇವರು ಎಂದುಕೊಂಡು ಡಬ್ಬವನ್ನು ಹಾಗೇ ಬಾಗಿಲಾಚೆಗೆ ಇಟ್ಟಳು.

"ಗಂಡಸ್ರು ಇರೋ ಜಾಗ ಹಿಂಗೇ ಕಣಮ್ಮೋರೆ. ನೀವು ಬಂದ್ರಲ್ಲ, ಸರಿ ಮಾಡ್ಕಳಿ," ಎಂದ ಬೀರಪ್ಪ. ದೇವನೂರಿನವನು, ಆ ಗ್ಯಾಂಗಿನ ಮೇಸ್ತ್ರಿ.

"ಮಾಡ್ಕತೀನಿ. ಮೊದ್ಲು ಆ ಬನೀನು ಯಾರ್ದೋ ತಗಳ್ರೋ. ಇಲ್ದಿದ್ರೆ ಒಲೆಗೆ ಹಾಕ್ತೀನಿ."

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಡೂರು ಸೀಮೆಯಲ್ಲಿ ಬಾವಿಗಳು ತಳ ಕಂಡು, ಕಂಡಕಂಡವರೆಲ್ಲ ಬೋರು ಹಾಕಿಸಲು ಓಡಾಡುತ್ತಿದ್ದ ಕಾಲ. ತರೀಕೆರೆಯ ಮಲ್ಲಿಕಾರ್ಜುನಯ್ಯ ಮಂಡಿ ವ್ಯಾಪಾರದ ಜೊತೆಗೆ ಒಂದು ಬೋರಿನ ಲಾರಿಯನ್ನೂ ಇಟ್ಟುಕೊಂಡಿದ್ದರು. ಅದರ ಆಳುಗಳಿಗೆ ಬೇಯಿಸಿಹಾಕಲು ಬಂದ ಅಡುಗೆಯವರು ಒಬ್ಬರಾದರೂ ನಿಂತಿರಲಿಲ್ಲ. ಮಠದ ದಾಸೋಹದಲ್ಲಿ ದಾಕ್ಷಾಯಣಮ್ಮನ ಕೈರುಚಿ ನೋಡಿದ್ದ ಅವರು, "ಬರ್ತೀಯೇನಮ್ಮಾ? ಊರೂರು ಸುತ್ತೋ ಕೆಲಸ," ಎಂದು ಕೇಳಿದ್ದರು. ಅವಳು ಒಂದು ಗಳಿಗೆ ಯೋಚನೆ ಮಾಡದೆ ಹೂಂ ಎಂದಿದ್ದಳು.

ಯೋಚನೆ ಮಾಡಲು ಏನಿತ್ತು? ಅವಳನ್ನು ಯಗಟಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಸತ್ತ ವರ್ಷವೇ ಅತ್ತೆಮನೆಯವರು ಕಳಿಸಿಕೊಟ್ಟರು. ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಸಖರಾಯಪಟ್ಟಣದಲ್ಲಿ ತಮ್ಮ ಬೆನಕಪ್ಪನ ಮನೆಯ ಒಲೆಯ ಮುಂದೆ ಕಳೆದಳು. ಅವನ ಹೆಂಡತಿ ವಿಮಲಮ್ಮ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅಡುಗೆ ಮಾಡಿಟ್ಟಮೇಲೆ ಉಪ್ಪಿನ ಭರಣಿಯಿಂದ ಹಿಡಿದು ಬೆಲ್ಲದ ಡಬ್ಬದವರೆಗೆ ಎಲ್ಲವನ್ನೂ ಉಗ್ರಾಣಕ್ಕೆ ಸೇರಿಸಿ ಬೀಗ ಹಾಕಿಕೊಂಡು ಹೋಗುತ್ತಿದ್ದಳು, ಅಷ್ಟೆ. ಹಸಿವಾದರೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳಬೇಕಾದರೂ ಕೇಳಬೇಕು. ಆ ಬೀಗದ ಸದ್ದು ನೆನೆಸಿಕೊಂಡರೆ ಈಗಲೂ ದಾಕ್ಷಾಯಣಮ್ಮನಿಗೆ ಮೈ ಉರಿಯುತ್ತದೆ. ಈ ತಗಡಿನ ಗಾಡಿ ಎಷ್ಟೇ ಹೊಲಸಾಗಿರಲಿ, ಇದರ ಚಿಲಕ ಒಳಗಡೆ ಇತ್ತು. ಒಳಗಡೆ ಅವಳಿದ್ದಳು. ಇದು ಕೈತಪ್ಪಿದರೆ ಮತ್ತೆ ಆ ಮನೆಯೇ ಗತಿ.

ಮೂರು ಹೊತ್ತು ಸೀಗೆಪುಡಿ ಬೂದಿ ಹಾಕಿ ಉಜ್ಜಿದಳು. ಡೀಸೆಲು ಗ್ರೀಸು ಎಲ್ಲ ಆಚೆಗೆ ಹೋಯಿತು. ಆಮೇಲೆ ಅವ್ವ ಹೇಗೆ ಅಡುಗೆಮನೆ ಇಟ್ಟಿದ್ದಳೋ ಹಾಗೆಯೇ ಇಟ್ಟಳು. ಕಡೂರು ಸಂತೆಯಿಂದ ಮಣ್ಣಿನ ಗಡಿಗೆ ತರಿಸಿ, ದೊಡ್ಡದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು ಅಂತ ಮೂಲೆಯಲ್ಲಿ ಅಡಕಲು ಪೇರಿಸಿದಳು. ಒಂದರಲ್ಲಿ ಬೇಳೆ, ಒಂದರಲ್ಲಿ ಹುರುಳಿ, ಮೇಲಿನದರಲ್ಲಿ ಖಾರದಪುಡಿ. ತಗಡಿನ ಚಾವಣಿಯ ಕಂಬಿಗೆ ಹಗ್ಗದ ನೆಲುವು ಕಟ್ಟಿ ಅದರಲ್ಲಿ ಮಜ್ಜಿಗೆ ಗಡಿಗೆ ತೂಗುಹಾಕಿದಳು. ದೂರ ನಿಂತು ನೋಡಿ, ಅಬ್ಬಾ ಈಗ ಮನೆ ಅಂದಂಗಾಯ್ತು ಎಂದುಕೊಂಡಳು.

ಬೀರಪ್ಪ ಬಾಗಿಲಲ್ಲಿ ಇಣುಕಿದ. "ಏನಮ್ಮೋರೆ ಇದು, ಗಡಿಗೆ ಮೇಲೆ ಗಡಿಗೆ?"

"ನಮ್ಮವ್ವ ಸಾಯೋಗಂಟ ಹಿಂಗೇ ಇಟ್ಟಿದ್ಲು ಕಣೋ. ಒಂದ್ ಗಡಿಗೆ ಅಲುಗಿದ್ದಿಲ್ಲ."

"ಅವ್ರ ಮನೆ ಅಲುಗ್ತಿರ್ಲಿಲ್ವಲ್ಲ."

"ನಿನ್ ಕೆಲ್ಸ ನೀನು ನೋಡ್ಕೊ ಹೋಗಪ್ಪ," ಎಂದು ಗದರಿಸಿ ಕಳಿಸಿದಳು.

ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಮಾರನೆಯ ದಿನ ಗಾಡಿ ಅಜ್ಜಂಪುರದ ಕಡೆ ಹೊರಟಿತು. ಕಪ್ಪುಮಣ್ಣಿನ ಬಂಡಿದಾರಿ. ಗಾಲಿ ಇಳಿದರೆ ಮೊಣಕಾಲುದ್ದ ಇಳಿಯಿತು, ಏರಿದರೆ ಕುಂಡೆ ನೆಗೆದು ಬಿತ್ತು. ಟ್ರ್ಯಾಕ್ಟರಿನ ಮೇಲೆ ಡ್ರೈವರನ ಪಕ್ಕ ಕೂತಿದ್ದ ದಾಕ್ಷಾಯಣಮ್ಮನಿಗೆ ಹಿಂದಿನಿಂದ ಧಡ್ ಎಂಬ ಶಬ್ದ ಕೇಳಿತು. ತಗಡಿರಬೇಕು ಎಂದುಕೊಂಡಳು.

ಹೊಲ ತಲುಪಿ ಬಾಗಿಲು ತೆಗೆದರೆ, ಅಯ್ಯೋ ಶಿವನೇ! ನೆಲುವು ಉಯ್ಯಾಲೆಯಾಡಿ ಮಜ್ಜಿಗೆ ಗಡಿಗೆ ಅಡಕಲಿಗೆ ಬಡಿದು, ಅಡಕಲೆಲ್ಲ ಉರುಳಿಬಿದ್ದಿತ್ತು. ಮಜ್ಜಿಗೆಯಲ್ಲಿ ಖಾರದಪುಡಿ ಕಲಸಿ, ಅದಕ್ಕೆ ಸ್ಟೌವಿನ ಸೀಮೆಎಣ್ಣೆ ಸೇರಿ, ಬೇಳೆ ಹುರುಳಿ ಎಲ್ಲ ಅದರಲ್ಲಿ ತೇಲುತ್ತಿತ್ತು. ವಾಂತಿ ಮಾಡಿದಂತಿತ್ತು ನೆಲವೆಲ್ಲ. ಹುಳಿ, ಖಾರ, ಸೀಮೆಎಣ್ಣೆ ಮೂರರ ನಾತವೂ ಬಿಸಿಲಿಗೆ ಕಾದ ತಗಡಿನೊಳಗೆ ಒಟ್ಟಿಗೆ ಬೆಂದು ಮುಖಕ್ಕೆ ರಾಚಿತು. ಅವಳು ಹೊಲದ ಬದುವಿಗೆ ಓಡಿಹೋಗಿ ಕಕ್ಕಿದಳು. ತನ್ನ ಮೇಲೇ ಅಸಹ್ಯವಾಯಿತು ಅವಳಿಗೆ. ಬೇರೆಯವರ ಹೊಲಸಾದರೆ ಬೈದಾದರೂ ತೀರಿಸಿಕೊಳ್ಳಬಹುದು; ಇದು ತಾನೇ ಜೋಡಿಸಿಟ್ಟು ಮಾಡಿದ ಹೊಲಸು.

ಆಳುಗಳು ಹಸಿದುಕೊಂಡು ಅಜ್ಜಂಪುರದ ಹೋಟೆಲಿಗೆ ನಡೆದರು. ಅವತ್ತು ಬೋರು ಕೊರೆಯಲು ಶುರುಮಾಡಿದ್ದು ಸಂಜೆಗೆ. ಸುದ್ದಿ ತಿಳಿದು ಮಲ್ಲಿಕಾರ್ಜುನಯ್ಯ ಜೀಪಿನಲ್ಲಿ ಬಂದರು, ಒಳಗೆ ಇಣುಕಿ, ಕರವಸ್ತ್ರ ಮೂಗಿಗಿಟ್ಟುಕೊಂಡು ಹಿಂದೆ ಸರಿದರು.

"ನೋಡಮ್ಮಾ, ಹೊಟ್ಟೆಗಿಲ್ದೆ ಆಳುಗಳು ಮಿಷನ್ ಮುಟ್ಟಲ್ಲ. ಇನ್ನೊಂದ್ಸಲ ಹಿಂಗಾದ್ರೆ ಬೀರೂರಿಂದ ಬೇರೆ ಅಡುಗೆಯವರನ್ನ ಕರೆಸ್ತೀನಿ. ನಿನ್ನ ಸಖರಾಯಪಟ್ಟಣದ ಬಸ್ಸು ಹತ್ತಿಸ್ಬೇಕಾಗುತ್ತೆ."

ಅವರು ಹೋದಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಲದ ಮೇಲಿನ ಆ ಗಲೀಜನ್ನೆಲ್ಲ ಕೈಯಲ್ಲೇ ಬಳಿದು ಹಾಕಿದಳು. ಬಳಿಯುವಾಗಲೆಲ್ಲ ವಿಮಲಮ್ಮನ ಬೀಗದ ಕೈಗೊಂಚಲು ಕಣ್ಣಿಗೆ ಕಟ್ಟುತ್ತಿತ್ತು. ಆಗಲ್ಲ, ಸತ್ತರೂ ಆಗಲ್ಲ ಎಂದು ಹಲ್ಲು ಕಚ್ಚಿಕೊಂಡಳು.

ಮಣ್ಣಿನ ಗಡಿಗೆಗಳಿಗೆ ಅವತ್ತೇ ಕೊನೆ. ಡಾಲ್ಡಾ ಡಬ್ಬ, ಬಿಸ್ಕತ್ತಿನ ಡಬ್ಬ, ಗಟ್ಟಿ ಮುಚ್ಚಳ ಇರುವುದು ಏನು ಸಿಕ್ಕಿದರೆ ಅದನ್ನು ಅಂಗಡಿಗಳಿಂದ ಬೇಡಿ ತಂದಳು. ಬೀರಪ್ಪನಿಗೆ ಹೇಳಿ ಹಲಗೆ ಹೊಡೆಸಿ, ಹಲಗೆಯ ಅಂಚಿಗೆ ಮರದ ಪಟ್ಟಿ ಹೊಡೆಸಿದಳು. ಟ್ರ್ಯಾಕ್ಟರಿನ ಹಳೆಯ ಟ್ಯೂಬು ಕೊಯ್ದು, ಆ ರಬ್ಬರನ್ನು ಡಬ್ಬಗಳ ಎದೆಗೆ ಅಡ್ಡ ಎಳೆದು ಮೊಳೆಗೆ ಸಿಕ್ಕಿಸಿದಳು. ಭಾರದ್ದೆಲ್ಲ ಕೆಳಗೆ ಇಳಿಯಿತು. ಉಪ್ಪಿನ ಭರಣಿಯನ್ನು ರಾಗಿ ಮೂಟೆಯೊಳಗೆ ಕುತ್ತಿಗೆವರೆಗೆ ಹೂತಳು. ಪಾತ್ರೆಯೊಳಗೆ ಪಾತ್ರೆ, ನಡುವೆ ಹಳೆ ಸೀರೆ ತುಂಡು. ಮಜ್ಜಿಗೆ ಹಾಲಿನ ಕ್ಯಾನಿಗೆ ಹೋಯಿತು. ಆಳುಗಳು ಬಾಡು ಬೇಯಿಸಿಕೊಳ್ಳುವ ಪಾತ್ರೆಗೆ ಗಾಡಿಯ ಹೊಟ್ಟೆಯ ಕೆಳಗೊಂದು ಕೊಕ್ಕೆ ಹಾಕಿಸಿ, "ಅದೂ ನೀವೂ ಆ ಮರದಡೀಲಿ ಇರ್ರಪ್ಪ. ಬಾಗ್ಲು ದಾಟಿ ಒಳಗೆ ಬಂದ್ರೆ ಸೌಟಲ್ಲಿ ಇಕ್ತೀನಿ," ಎಂದಳು. ಒಂದು ಹಲಗೆಯ ತುದಿಯಲ್ಲಿ ವಿಭೂತಿ ಗಟ್ಟಿ, ಲಿಂಗಪೂಜೆಯ ಬಟ್ಟಲು. ಅದರ ಕೆಳಗೆ ಕಾಲು ಚಾಚುವಷ್ಟು ಜಾಗ, ಅದು ಅವಳು ಮಲಗುವುದಕ್ಕೆ.

ಒಂದು ಪೀಡೆ ಮಾತ್ರ ಬಿಟ್ಟಿರಲಿಲ್ಲ. ಬೋರು ಹಾಕಿಸುವ ರೈತರು ಕೊರೆಯಲು ಗುರುತು ಮಾಡಿದ ಪಾಯಿಂಟಿಗೆ ಪೂಜೆ ಮಾಡಿ ಒಡೆದ ಕಾಯಿ, ಬಾಳೆಹಣ್ಣು ಎಲ್ಲ ಆಳುಗಳಿಗೆ ಕೊಡುತ್ತಿದ್ದರು. ನೀರು ಬೀಳುವವರೆಗೆ ಅದನ್ನು ತಿನ್ನಬಾರದು, ಎಸೆಯಲೂಬಾರದು ಎಂದು ಬೀರಪ್ಪನ ಶಾಸ್ತ್ರ. ಬರೀ ಧೂಳು ಬಂದ ಬೋರುಗಳ ಕಾಯಿ ಹಾಗೇ ಉಳಿದು, ಲೋಳೆ ಬಿಟ್ಟು, ಹುಳ ಹರಿದು, ಥೂ! ಇವಳು ಒಂದು ದಿನ ಮೂಟೆ ಕಟ್ಟಿ ದೂರ ಒಯ್ದು ಹೂತು ಬಂದಳು.

"ಕಾಯಿ ಎಲ್ಲಮ್ಮೋರೆ?" ಎಂದು ಬೀರಪ್ಪ ಗಾಬರಿಯಿಂದ ಕೇಳಿದ.

"ಭೂಮ್ತಾಯಿಗೆ ಕೊಟ್ಟು ಬಂದೆ. ನೀರು ಕೊಡೋಳು ಅವ್ಳೇ ತಾನೆ? ಇನ್ನು ಕೊಳೆತ ಕಾಯಿ ಗಾಡಿಗೆ ಹತ್ತಿಸಿದ್ರೆ ನಿನ್ನ ತಲೆ ಮೇಲೇ ಒಡೀತೀನಿ."

ಮುಂದಿನ ಊರಿಗೆ ಗಾಡಿ ಹೊರಟ ದಿನ ಅವಳು ಟ್ರ್ಯಾಕ್ಟರಿನ ಮೇಲೆ ಉಸಿರು ಬಿಗಿಹಿಡಿದು ಕೂತಳು. ಇಳಿದವಳೇ ಓಡಿಹೋಗಿ ಬಾಗಿಲು ತೆಗೆದಳು. ಒಂದು ಹುಣಿಸೆಹಣ್ಣಿನ ಉಂಡೆ ಹಲಗೆಯಿಂದ ಇಳಿದು ನೆಲದ ಮೇಲೆ ಕೂತಿತ್ತು. ಬೇರೇನೂ ಅಲುಗಿರಲಿಲ್ಲ. ಲಾರಿ ಅಲುಗದಂತೆ ಜಾಕಿ ಇಳಿಸಿ ಮುಗಿಸುವಷ್ಟರಲ್ಲಿ ಆಳುಗಳಿಗೆ ಬಿಸಿ ಮುದ್ದೆ ಸಿಕ್ಕಿತು. ಆಮೇಲೆ ಎರಡು ಬೇಸಿಗೆ ಕಳೆದರೂ ಮಲ್ಲಿಕಾರ್ಜುನಯ್ಯ ಬೀರೂರಿನ ಮಾತು ಎತ್ತಲಿಲ್ಲ. ಎಲ್ಲರಿಗೂ ಬಡಿಸಿ ಆದಮೇಲೆ ಅವಳು ಒಳಗೆ ಹೋಗಿ, ಚಿಲಕ ಹಾಕಿ, ಲಿಂಗಪೂಜೆ ಮುಗಿಸಿ ಒಬ್ಬಳೇ ಉಣ್ಣುತ್ತಿದ್ದಳು. ಆ ಗ್ರೀಸಿನ ಕೈಗಳ ನಡುವೆ ಕೂತು ಉಣ್ಣುವುದು ಅವಳಿಂದಾಗದ ಮಾತು. ಅವರೂ ಕರೆಯುತ್ತಿರಲಿಲ್ಲ.

ಮೂರನೆಯ ಬೇಸಿಗೆಯಲ್ಲಿ ಬೆನಕಪ್ಪ ಬಂದ. ಗಾಡಿ ಅಜ್ಜಂಪುರದ ಆಚೆ ಒಂದು ಈರುಳ್ಳಿ ಹೊಲದಲ್ಲಿ ನಿಂತಿತ್ತು. ಮಡಿ ಪಂಚೆ, ಹಣೆತುಂಬ ವಿಭೂತಿ, ಧೂಳು ತುಂಬಿದ ಮುಖ. ಸಖರಾಯಪಟ್ಟಣದಿಂದ ಮೂರು ಬಸ್ಸು ಬದಲಿಸಿ, ಟಾರು ರಸ್ತೆಯಿಂದ ನಡೆದು ಬಂದಿದ್ದ. ಅವಳಿಗೆ ಕಣ್ಣು ತುಂಬಿಬಂತು. ಎತ್ತಿ ಆಡಿಸಿದ ತಮ್ಮ.

"ಒಳಗೆ ಬಾರೋ ಬೆನಕಾ, ಬಿಸಿಲು."

"ಬ್ಯಾಡಕ್ಕಯ್ಯ, ಇಲ್ಲೇ ಇರ್ತೀನಿ." ಮೆಟ್ಟಿಲ ಮೇಲೂ ಕೂರದೆ ನೆರಳಲ್ಲಿ ನಿಂತ. "ವಿಮಲ ಬಾವಿ ಕಟ್ಟೇಲಿ ಜಾರಿ ಬಿದ್ದು ಕೈ ಮುರ್ಕಂಡವ್ಳೆ. ಮನೆ ನಡೀತಿಲ್ಲ. ನೀನು ಬಂದ್ಬಿಡು. ಈ ಅಲೆದಾಟ ಸಾಕು. ಎಷ್ಟಾದ್ರೂ ನಿನ್ ಮನೆ ಅಲ್ವಾ."

ನಿನ್ನ ಮನೆ. ಆ ಎರಡು ಮಾತಿಗೆ ಅವಳ ಮನಸ್ಸು ಕರಗಿಹೋಯಿತು. ಒಳಗೆ ಹೋಗಿ ತನ್ನ ಬಟ್ಟೆಯ ಟ್ರಂಕನ್ನು ಬಾಗಿಲಿಗೆ ಎಳೆದೂಬಿಟ್ಟಳು. ಬೀರಪ್ಪನಿಗೆ ಏನು ಹೇಳುವುದು ಎಂದೂ ಯೋಚಿಸಿದಳು.

"ಮಲಗೋಕೆ ಎಲ್ಲಿ ಮಾಡ್ತೀಯೋ? ಆ ನಡುಮನೆ ಕೋಣೆ ಖಾಲಿ ಐತಾ?"

"ಅದ್ರಲ್ಲಿ ಗೊಬ್ಬರದ ಮೂಟೆ ಹಾಕಿದೀನಿ. ಅಡುಗೆಮನೇಲೇ ಮಲ್ಕೊ, ಮೊದ್ಲು ಮಲಗ್ತಿದ್ದಂಗೆ." ಆಮೇಲೆ ದನಿ ತಗ್ಗಿಸಿದ. "ಇನ್ನೊಂದು. ಇಲ್ಲಿನ ಪಾತ್ರೆ ಪಡಗ ಏನೂ ತರಬ್ಯಾಡ. ಕಂಡೋರ ಜೊತೆ ಇದ್ದೀಯ ಅಂತ ಊರಲ್ಲಿ ಆಡ್ಕತಾರೆ. ಮೊದ್ಲು ಮಠಕ್ಕೋಗಿ ಅಯ್ನೋರ ಪಾದೋದಕ ತಗಂಡು, ಆಮೇಲೆ ಮನೆ ಒಳಗೆ ಬಾ."

ಅವಳ ಕೈ ಟ್ರಂಕಿನ ಮೇಲೇ ನಿಂತಿತು. ಆಮೇಲೆ ಅಂದಳು: "ಹಸ್ಕಂಡು ಬಂದಿದೀಯ. ಉಂಡ್ಕೊಂಡಾದ್ರೂ ಹೋಗು. ರೊಟ್ಟಿ ಸುಟ್ಟಿದೀನಿ, ಹುರುಳಿಕಾಳು ಸಾರು ಐತೆ."

"ಇಲ್ಲಿ ನಾನು ನೀರೂ ಮುಟ್ಟಲ್ಲ."

ಅಷ್ಟರಲ್ಲಿ ಒಲೆಯ ಮೇಲಿದ್ದ ಸಾರಿನ ವಾಸನೆ ಹೊರಗೆ ಬಂತು. ಬೆನಕಪ್ಪ ಉಗುಳು ನುಂಗಿದ. ಲಾರಿಯ ಕಡೆ ನೋಡಿದ. ಆಳುಗಳು ದೂರದಲ್ಲಿ ಕೈಕಾಲು ತೊಳೆದು ಒಬ್ಬೊಬ್ಬರಾಗಿ ಊಟದ ಸಾಲಿಗೆ ಕೂರುತ್ತಿದ್ದರು. ಬಾಗಿಲ ಹತ್ತಿರ ಬಂದು ಪಿಸುಗುಟ್ಟಿದ.

"ಒಂದು ನಾಕು ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಬಿಡಕ್ಕಯ್ಯ. ಬಸ್ಸಲ್ಲಿ ಯಾರ್ಗೂ ಕಾಣ್ದಂಗೆ ತಿನ್ಕತೀನಿ. ಮನೇಲಿ ಬಾಯಿ ಬಿಡಬ್ಯಾಡ."

ಹುಳ ಬಿದ್ದ ಕಾಯಿ ಬಳಿದಿದ್ದಳು, ಇಲಿ ಹಿಕ್ಕೆ ಆರಿಸಿದ್ದಳು, ಸೀಮೆಎಣ್ಣೆಯ ಮಜ್ಜಿಗೆಯನ್ನು ಅಂಗೈಯಲ್ಲಿ ಎತ್ತಿದ್ದಳು. ಇಷ್ಟು ಹೇಸಿಗೆ ಅವಳಿಗೆ ಯಾವತ್ತೂ ಆಗಿರಲಿಲ್ಲ. ಇವನಿಗೆ ಅವಳ ಕೈ ಬೇಕು, ಒಲೆ ಬೇಕು, ರೊಟ್ಟಿ ಬೇಕು. ಅವಳು ಮಾತ್ರ ಹೊಸಲಾಚೆ ನಿಂತು ಶುದ್ಧವಾಗಬೇಕು! ಬಾಯೆಲ್ಲ ಕಹಿಯಾಯಿತು. ಟ್ರಂಕನ್ನು ಕಾಲಿನಿಂದ ಒಳಕ್ಕೆ ತಳ್ಳಿದಳು.

"ಕದ್ದು ತಿನ್ನೋರಿಗೆ ನಾನು ಬೇಯ್ಸಲ್ಲ ಕಣೋ. ಉಣ್ಣೋದಾದ್ರೆ ಅಗೋ ಅವ್ರ ಸಾಲಲ್ಲಿ ಕೂತ್ಕೊ, ಬಡಿಸ್ತೀನಿ. ಇಲ್ಲಾ ನಡಿ. ನಾನು ಬರಲ್ಲ."

"ಅಕ್ಕಯ್ಯ, ನಾಳೆ ಕೈಲಾಗ್ದಾಗ ಯಾರು ನೋಡ್ತಾರೆ ನಿನ್ನ?"

"ನೀನಂತೂ ಅಲ್ಲ. ಗೊತ್ತಾಯ್ತಲ್ಲ ಈಗ."

ಅವನು ಒಂದು ಕ್ಷಣ ಆ ಸಾಲಿನ ಕಡೆ ನೋಡಿದ, ಆಮೇಲೆ ರಸ್ತೆಯ ಕಡೆ ನೋಡಿದ. ಬದುವಿನ ಮೇಲೆ ನಡೆದುಹೋದ. ಹಿಂತಿರುಗಿ ನೋಡುತ್ತಾನೇನೋ ಎಂದು ಅವಳು ನಿಂತಿದ್ದಳು. ನೋಡಲಿಲ್ಲ.

ಆಳುಗಳಿಗೆ ಬಡಿಸಿದಳು. ಒಳಗೆ ಹೋಗಿ ಲಿಂಗಪೂಜೆ ಮಾಡಿ, ತನ್ನ ತಟ್ಟೆ ಹಿಡಿದು ಹೊರಗೆ ಬಂದಳು. ಬೀರಪ್ಪ ತನ್ನ ತಟ್ಟೆ ಎಳೆದುಕೊಂಡು ಸರಿದು ಜಾಗ ಬಿಟ್ಟ. ಅವಳು ಚಕ್ಕಂಬಕ್ಕಲ ಹಾಕಿ ಕೂತು ರೊಟ್ಟಿ ಮುರಿದಳು. ಪಕ್ಕಕ್ಕೆ ನೋಡಿದಳು. ಬೀರಪ್ಪನ ಐದೂ ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು, ಅದೇ ಬೆರಳು ಸಾರಿನಲ್ಲಿ ಮುಳುಗಿತ್ತು.

"ಇಸ್ಸಿ! ಹೋಗಿ ಕೈ ತೊಳ್ಕಂಡು ಬಾರೋ, ಹೊಲಸು ನನ್ಮಗನೇ," ಎಂದಳು. "ನಿನ್ ಪಕ್ಕ ಕೂತು ಉಣ್ಬೇಕು ನಾನು, ದಿನಾ."