ಗಂಧದ ಹಾರ ಹಾಕಿಸಿಕೊಂಡವಳು

ತೆಳ್ಳಗೆ ಕೆತ್ತಿದ ಮರದ ಸಿಪ್ಪೆಯನ್ನು ಸುರುಳಿ ಸುತ್ತಿ, ನಡುನಡುವೆ ಜರಿಯ ಎಳೆ ಸೇರಿಸಿ ಪೋಣಿಸುವ ಗಂಧದ ಹಾರ ನಿಮ್ಮ ಮನೆಯಲ್ಲೂ ಒಂದಿರಬಹುದು. ಗೋಡೆಯ ಮೇಲಿನ ಅಜ್ಜನಿಗೋ ಅಜ್ಜಿಗೋ ಹಾಕಿ, ಹಬ್ಬ ಬಂದಾಗ ಧೂಳು ಕೊಡವಿ, ಆಮೇಲೆ ಮರೆತೇಬಿಡುವ ವಸ್ತು ಅದು. ನನ್ನದೂ ಒಂದಿದೆ. ವ್ಯತ್ಯಾಸವಿಷ್ಟೇ, ಅದನ್ನು ಹಾಕಿರುವುದು ನನಗೇ, ಮತ್ತು ದಿನವೂ ಸಂಜೆ ಊರೂರಿನ ಜನ ಅದನ್ನು ಟೀವಿಯಲ್ಲಿ ನೋಡುತ್ತಾರೆ. ಆ ಹೊತ್ತಿಗೆ ನಾನು ಚಿತ್ರದುರ್ಗದ ನಮ್ಮ ಮನೆಯ ನಡುಕೋಣೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತೇನೆ. ಸತ್ತ ಮೇಲಾದರೂ ಅಡುಗೆ ತಪ್ಪೀತೆಂದುಕೊಂಡಿದ್ದೆ, ತಪ್ಪಲಿಲ್ಲ.

ಗಾಬರಿಯಾಗಬೇಡಿ, ನಾನು ನಟಿ. ಕಲೆಯ ಕರೆಗೆ ಓಗೊಟ್ಟು ರಂಗಭೂಮಿಗೆ ಬಂದೆ ಎಂದು ಸಂದರ್ಶನದಲ್ಲಿ ಹೇಳಲು ಬಹಳ ಹಿಂದೆಯೇ ಒಂದು ಚಂದದ ಮಾತನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೇನೆ, ಸಂದರ್ಶನ ಮಾಡುವವರು ಮಾತ್ರ ಇನ್ನೂ ಬಂದಿಲ್ಲ. ನಿಮ್ಮ ಹತ್ತಿರ ಮುಚ್ಚುಮರೆಯೇಕೆ? ಹೊಸದುರ್ಗದಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯೊಂದರಲ್ಲಿ ದಾಸಿಯ ಪಾತ್ರದವಳಿಗೆ ಜ್ವರ ಬಂತು, ಅವಳ ರವಿಕೆ ನನಗೆ ಸರಿಹೋಗುತ್ತಿತ್ತು. ನನ್ನ ಕಲಾಜೀವನದ ಮೂಲ ಪ್ರೇರಣೆ ಆ ರವಿಕೆ. ಮುಂದೆ ಹಿರಿಯೂರಿನ ರಂಗಮಂದಿರದಲ್ಲಿ ಹದಿನಾರರ ಬಾಲೆಯಾಗಿ ಕುಣಿಯುವಾಗ, ನನ್ನ ನಿಜವಾದ ಪ್ರಾಯವನ್ನು ಅರಿತಿದ್ದ ಹಲಗೆಯೊಂದು ಲಟಕ್ಕೆಂದು ಮುರಿದು ನಾನು ಮೊಣಕಾಲವರೆಗೆ ರಂಗದೊಳಗೆ ಇಳಿದುಹೋದೆ. ಜನ ಶಿಳ್ಳೆ ಹೊಡೆದು ಒನ್ಸ್ ಮೋರ್ ಎಂದರು. ಅಷ್ಟೊಂದು ಮೆಚ್ಚುಗೆ ನನಗೆ ಮತ್ತೆಂದೂ ಸಿಕ್ಕಿಲ್ಲ.

ಕಂಪನಿ ಮುಚ್ಚಿದ ಮೇಲೆ ಹಳ್ಳಿಯ ನಾಟಕಗಳು ಕೈಹಿಡಿದವು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬೇಕು. ಊರಿನ ಗಂಡಸರು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಮಾತು ಕಲಿಯುತ್ತಾರೆ, ಹೆಣ್ಣುಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಾರೆ. ನಾವು ನಾಟಕದ ದಿನವೇ ಬಣ್ಣದ ಪೆಟ್ಟಿಗೆ ಹಿಡಿದು ಬಸ್ಸಿಳಿದು, ಉಪ್ಪಿಟ್ಟು ತಿಂದು, ನಮ್ಮ ಗಂಡನ ಪಾತ್ರ ಯಾರದು ಎಂದು ವಿಚಾರಿಸಿ, ಅದೇ ಸಂಜೆ ಆ ಮಹಾಶಯನ ಕಾಲಿಗೆ ಬಿದ್ದು ಗೋಳಾಡಬೇಕು. ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಲ್ಲಿ ಎಲ್ಲರೂ ಒಂದೇ ಥರದ ಮೀಸೆ ಅಂಟಿಸಿಕೊಂಡಿದ್ದರಿಂದ ನಾನು ಭರದಲ್ಲಿ ಓಡಿಬಂದು ಖಳನಾಯಕನ ಕಾಲು ಹಿಡಿದು “ಪ್ರಾಣನಾಥಾ” ಎಂದುಬಿಟ್ಟೆ. ಪಾಪ, ಸಂಭಾವಿತ ಮನುಷ್ಯ. ಎರಡು ಹೆಜ್ಜೆ ಹಿಂದೆ ಸರಿದು, ಮೈಕಿಗೆ ಕೇಳುವಂತೆಯೇ ಹೇಳಿದ: “ಏಳ್ರಿ ಅಮ್ಮಾರೆ, ನಿಮ್ಮ ಯಜಮಾನ್ರು ಆ ಕಡೆ ನಿಂತವ್ರೆ.” ನಾನು ಎದ್ದು, ಕಣ್ಣೀರಿನ ಸಮೇತ ಆ ಕಡೆಗೆ ನಡೆದೆ.

ಈ ಯಾವುದನ್ನೂ ಅವ್ವ ನೋಡಿದವಳಲ್ಲ. ಅವಳು ತುರುವನೂರಿನವಳು, ನಂಟರಿಷ್ಟರ ಬಾಯಿಗೆ ಹೆದರಿದವಳು. ನಾನು ಮೊದಲ ಬಸ್ಸಿಗೆ ಮನೆಗೆ ಬಂದಾಗ, ಕಿವಿಯ ಹಿಂದೆ ಉಳಿದ ಬಣ್ಣವನ್ನು ಸೆರಗಿನಿಂದ ಒರೆಸಿ “ಉಂಡ್ಯಾ?” ಎನ್ನುತ್ತಿದ್ದಳೇ ಹೊರತು ನಾಟಕ ಹೇಗಾಯಿತೆಂದು ಒಂದು ದಿನವೂ ಕೇಳಲಿಲ್ಲ. ಕೇಳಲಿ ಎಂದು ನನಗೆ ಬಹಳ ಆಸೆಯಿತ್ತು. ಕೊನೆಗೆ ಧಾರಾವಾಹಿಯೊಂದರಲ್ಲಿ ಮನೆಯ ಹಿರಿಯ ಅತ್ತಿಗೆಯ ಪಾತ್ರ ಸಿಕ್ಕಿ, ನಾನು ಟೀವಿಯೊಳಗಿನಿಂದ ನಮ್ಮ ನಡುಕೋಣೆಗೇ ಬಂದಾಗ, ನೋಡಲು ಅವ್ವ ತಯಾರಾಗಿದ್ದಳು, ಆದರೆ ಎರಡೂ ಕಣ್ಣಿಗೆ ಪೊರೆ ಬಂದು ಕೂತಿತ್ತು. ಟೀವಿಗೆ ಮೂಗು ತಾಗಿಸುವಷ್ಟು ಹತ್ತಿರ ಕೂತು ದನಿಯಿಂದಲೇ ನನ್ನನ್ನು ಗುರುತಿಸುತ್ತಿದ್ದಳು.

“ಆ ನೀಲಿ ಸೀರೆಯಾಕಿ ನೀನೇ ಅಲ್ವೇನೆ? ಭಾರಿ ಗಂಭೀರವಾಗಿ ನಿಂತೀಯ.”

“ಅದು ಕಿಟಕಿಯ ಪರದೆ ಅವ್ವ.”

ನನ್ನ ಅಭಿನಯಕ್ಕೂ ಪರದೆಯ ಅಭಿನಯಕ್ಕೂ ಹೆಚ್ಚು ಅಂತರವಿರಲಿಲ್ಲವೆಂದು ನಿರ್ದೇಶಕರೂ ಒಮ್ಮೆ ಸೂಚಿಸಿದ್ದರು, ಆ ಮಾತು ಬೇರೆ.

ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳಲಾರೆ ಎಂದು ವರ್ಷಗಟ್ಟಲೆ ಹಟ ಹಿಡಿದಿದ್ದ ಅವ್ವ ಒಂದು ಬೆಳಗ್ಗೆ ತಾನಾಗಿಯೇ “ಒಂದ್ಸಲ ನಿನ್ನ ಟೀವ್ಯಾಗೆ ಕಣ್ತುಂಬ ನೋಡ್ಬೇಕು ಕಣೆ, ಆಸ್ಪತ್ರೆಗೆ ಹೋಗಾಣ ನಡಿ” ಎಂದಳು. ಮುಂದಿನ ಶೂಟಿಂಗಿಗೆ ಹೋದಾಗಲೇ ಧಾರಾವಾಹಿಯವರಲ್ಲಿ ಕೆಲವು ದಿನಗಳ ರಜೆ ಕೇಳಿದೆ. ಸಹಾಯಕ ನಿರ್ದೇಶಕ “ಅಮ್ಮನಿಗಿಂತ ಹೆಚ್ಚೇನಿದೆ ಮೇಡಂ, ಆರಾಮಾಗಿ ಹೋಗಿ ಬನ್ನಿ” ಎಂದ. ಎಂಥ ಒಳ್ಳೆಯ ಹುಡುಗ ಎಂದು ಬಸ್ಸಿನಲ್ಲಿ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದೆ. ಅವ್ವನಿಗೆ ಶಸ್ತ್ರಚಿಕಿತ್ಸೆಯಾದ ವಾರದಲ್ಲೇ ಧಾರಾವಾಹಿಯ ಅತ್ತಿಗೆ ದೇವಸ್ಥಾನದ ಮೆಟ್ಟಿಲಿನಿಂದ ಉರುಳಿ ತೀರಿಕೊಂಡಳು. ಬಿದ್ದದ್ದು ನನ್ನ ಸೀರೆಯುಟ್ಟ ಬೇರೆ ಯಾರೋ, ನನಗಿಂತ ಚೆನ್ನಾಗಿ ಬಿದ್ದಳೆಂದು ಒಪ್ಪಲೇಬೇಕು. ಹಬ್ಬದ ಶುಭಾಶಯಕ್ಕೆಂದು ಹಲ್ಲು ಕಾಣುವಂತೆ ನಗಿಸಿ ತೆಗೆದಿದ್ದ ನನ್ನ ಫೋಟೋ ಮಾರನೆಯ ಸಂಜೆ ಗಂಧದ ಹಾರ ಹಾಕಿಕೊಂಡು ಗೋಡೆ ಏರಿತ್ತು.

ಫೋನಿನಲ್ಲಿ ಜಗಳಕ್ಕೆ ಹೋದರೆ ಅದೇ ಹುಡುಗ ಸಮಾಧಾನ ಹೇಳಿದ: “ಬೇಜಾರು ಮಾಡ್ಕೋಬೇಡಿ ಮೇಡಂ, ನಿಮ್ಮ ಫೋಟೋ ದಿನಾ ಬರುತ್ತೆ.” ಸುಳ್ಳು ಹೇಳಲಿಲ್ಲ. ಮೂಲೆಯಲ್ಲಿ ಹಾಲಿನ ಲೋಟ ಹಿಡಿದು ನಿಲ್ಲುತ್ತಿದ್ದ ನನಗಿಂತ ನನ್ನ ಫೋಟೋಗೆ ಹೆಚ್ಚು ಅವಕಾಶ ಸಿಗುತ್ತಿದೆ. ಅದರ ಮುಂದೆ ನಿಂತು ಅಳುತ್ತಾರೆ, ಆಣೆ ಮಾಡುತ್ತಾರೆ, ಗುಟ್ಟು ಹೇಳುತ್ತಾರೆ, ಫೋಟೋ ಆದರೋ ಸಂಭಾಷಣೆ ಮರೆಯುವುದೇ ಇಲ್ಲ. ಸಂತೆಹೊಂಡದ ಬಳಿ ತರಕಾರಿ ಮಾರುವಾಕೆ ನನ್ನನ್ನು ಕಂಡು “ಅಯ್ಯೋ, ನೀವು ಸತ್ತೋಗಿದ್ರಲ್ರಿ!” ಎಂದು ಎದೆ ಮುಟ್ಟಿಕೊಂಡು, ಕೊತ್ತಂಬರಿ ಒಂದು ಹಿಡಿ ಹೆಚ್ಚಿಗೆ ಕೊಟ್ಟಳು. ಬದುಕಿದ್ದಾಗ ಕೊಟ್ಟವಳಲ್ಲ.

ನಗುತ್ತಾ ಹೇಳುತ್ತಿದ್ದೇನೆ ನಿಜ, ಆದರೆ ಆ ದಿನಗಳಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ನನ್ನನ್ನು ನೋಡಬೇಕೆಂಬ ಒಂದೇ ಆಸೆಗೆ ಕಣ್ಣು ಕೊಯ್ಯಿಸಿಕೊಂಡವಳು ಮೊದಲು ಕಾಣುವುದು ಹಾರ ಹಾಕಿದ ಮಗಳನ್ನು ಎಂದರೆ ಅವಳ ಎದೆ ತಡೆದೀತೇ? ಅವ್ವ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದಾಗ ಪಕ್ಕದ ಮನೆಯ ಟೀವಿಯಿಂದ “ಅತ್ತಿಗೇ” ಎಂಬ ಗೋಳು ಗೋಡೆ ತೂರಿ ಬರುತ್ತಿತ್ತು.

“ಯಾಕೆ ಹಂಗೆ ಅಳ್ತಾಳೆ ಆ ಹುಡುಗಿ?”

“ಕತೆಯಲ್ಲಿ ನಾನು ಕಾಶಿಗೆ ಹೋಗಿದ್ದೀನಲ್ಲವ್ವ, ಅದಕ್ಕೆ.”

“ಕಾಶಿಗೆ ಹೋದ್ರೆ ಇಷ್ಟು ಅಳ್ತಾರೇನೆ?”

ಕನ್ನಡಕ ತೆಗೆಯಬಹುದೆಂದು ವೈದ್ಯರು ಹೇಳಿದ ಸಂಜೆ ನಾನು ನನ್ನ ಅನುಭವವನ್ನೆಲ್ಲ ಪಣಕ್ಕಿಟ್ಟು ನಟಿಸಿದೆ. ಕೇಬಲ್ಲು ಕೆಟ್ಟಿದೆಯೆಂದೆ, ರಿಮೋಟು ಕಾಣುತ್ತಿಲ್ಲವೆಂದು ದಿಂಬುಗಳನ್ನೆಲ್ಲ ಎತ್ತಿ ಹುಡುಕಿದೆ. ಅವ್ವ ಕೂತಲ್ಲಿಂದಲೇ ಬೆರಳು ತೋರಿಸಿ “ಅಕ್ಕಿ ಡಬ್ಬದ ಹಿಂದೆ ಐತೆ ನೋಡು” ಎಂದಳು. ಬಚ್ಚಿಟ್ಟವಳು ನಾನು. ಅವಳಿಗೆ ಕಣ್ಣು ಬಂದಿದೆಯೆಂಬುದನ್ನು ನನ್ನ ತಂತ್ರಗಾರಿಕೆ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಟೀವಿ ಹೊತ್ತಿಕೊಂಡಿತು, ಅವ್ವ ಕಪ್ಪು ಕನ್ನಡಕ ತೆಗೆದಳು. ಗೋಡೆಯ ಮೇಲೆ ನಾನು, ಹಾರದ ನಡುವೆ ಹಲ್ಲು ಕಿರಿಯುತ್ತಾ. ಅವ್ವ ನೋಡಿದಳು, ರೆಪ್ಪೆ ಮಿಟುಕಿಸಲಿಲ್ಲ. ನಾನು ಅವಳ ಮಂಡಿ ಹಿಡಿದು ಏನೇನೋ ತೊದಲತೊಡಗಿದೆ.

“ಹೆದರಬ್ಯಾಡ” ಎಂದಳು ನನಗೆ. “ನೀನು ಸಣ್ಣಾಕಿದ್ದಾಗ ತಲೆಗೆ ಕಾಗೆ ಬಡಿದಿತ್ತು. ಆವಾಗ ನೀನು ಸತ್ತೋದೆ ಅಂತ ನಮ್ಮಪ್ಪಂಗೆ ಸುಳ್ಳು ಸುದ್ದಿ ಕಳ್ಸಿದ್ವಿ. ಸುಳ್ಳು ಸುದ್ದಿಗೆ ಯಾರಾದ್ರೂ ನಿಜವಾಗ್ಲೂ ಅತ್ತುಬಿಟ್ರೆ ದೋಷ ಹೋಗಿ ಆಯಸ್ಸು ಗಟ್ಟಿಯಾಗ್ತೈತೆ. ಆವತ್ತು ಅತ್ತೋರು ಮನೆ ಮಂದಿ ಅಷ್ಟೆ. ಈಗ ನೋಡು, ನಾಡೇ ಅಳ್ತೈತೆ. ನಿನಗೇನೂ ಆಗಲ್ಲ ಬಿಡು.”

ಇಷ್ಟು ದಿನ ಹೊತ್ತಿದ್ದ ಭಾರ ಒಮ್ಮೆಲೇ ಇಳಿದು ನಾನು ಜೋರಾಗಿ ನಕ್ಕುಬಿಟ್ಟೆ. ಆ ನಗುವಿಗೆ ಅವ್ವ ಟೀವಿಯಿಂದ ಮುಖ ತಿರುಗಿಸಿದಳು, ಅವಳ ಕಣ್ಣು ನನ್ನ ಕೂದಲಿನ ಮೇಲೆ ನೆಟ್ಟಿತು. ಕೆಲಸ ಹೋದ ಮೇಲೆ ನಾನು ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದೆ. ಪೊರೆಯ ಆಚೆ ಅವಳು ಇಟ್ಟುಕೊಂಡಿದ್ದ ಮಗಳಿಗೆ ಇನ್ನೂ ಕಪ್ಪು ಜಡೆಯಿತ್ತು.

“ಏನೆ ಇದು, ತಲೆಯೆಲ್ಲ ಬೆಳ್ಳಗಾಗೈತೆ? ಕಣ್ಣ ಕೆಳಗೆಲ್ಲ ಇಳಿದೈತೆ. ಯಾವಾಗ ಆತು ಇದೆಲ್ಲ?”

ಅವ್ವನೇ ರಿಮೋಟು ಒತ್ತಿ ಟೀವಿ ಆರಿಸಿದಳು. ನನ್ನ ಕೈ ಹಿಡಿದು ದೀಪದ ಕೆಳಗೆ ಎಳೆದು ಕೂರಿಸಿ, ಗಲ್ಲ ಎತ್ತಿ, ಹಣೆಯಿಂದ ಶುರುಮಾಡಿ ನಿಧಾನವಾಗಿ ನೋಡತೊಡಗಿದಳು. ಎಷ್ಟೋ ಊರುಗಳಲ್ಲಿ ಎಷ್ಟೋ ಜನರ ಮುಂದೆ ಬಣ್ಣ ಹಚ್ಚಿ ಕುಣಿದವಳಿಗೆ, ಬಣ್ಣವಿಲ್ಲದೆ ಈ ಒಬ್ಬಳ ಮುಂದೆ ಯಾವ ಮುಖ ಮಾಡಬೇಕೆಂದು ತಿಳಿಯಲಿಲ್ಲ. ಅಳು ಉಕ್ಕಿ ಬರುತ್ತಿತ್ತು. ರೂಢಿಯಂತೆ ಹಲ್ಲು ಬಿಟ್ಟು ನಕ್ಕೆ.

“ನಗಬ್ಯಾಡ” ಎಂದಳು ಅವ್ವ. “ಏನೂ ಮಾಡಬ್ಯಾಡ. ಸುಮ್ಕಿರು, ನೋಡ್ತೀನಿ.”

ನಾನು ಸುಮ್ಮನಿದ್ದೆ.