ಅತ್ತೆಯ ಮೀನು ಸಾಯುತ್ತಿರಲಿಲ್ಲ

ಊಟ ಮುಗಿದ ಮೇಲೂ ಬೆಳಕು ಉಳಿದಿರುತ್ತಿದ್ದ ದಿನಗಳು ಅವು. ಇಚಲಕರಂಜಿಯ ನಮ್ಮ ಜೈನ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಉಂಡು, ಪಾತ್ರೆ ತೊಳೆದು ಡಬ್ಬು ಹಾಕಬೇಕು. ಚಾತುರ್ಮಾಸದ ನಾಲ್ಕು ತಿಂಗಳಂತೂ ಅಜ್ಜಿ ಗಡಿಯಾರ ನಂಬುತ್ತಿರಲಿಲ್ಲ. ಮೋಡವಿದ್ದರೆ ಇನ್ನೂ ಬೇಗ ರೊಟ್ಟಿ ಬಡಿಸುತ್ತಿದ್ದಳು. ಉಳ್ಳಾಗಡ್ಡಿ, ಬಟಾಟೆ ಇಲ್ಲದ ಪಲ್ಯ, ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ, ಮೇಲೆ ಮಜ್ಜಿಗೆ. ಓಣಿಯ ಉಳಿದ ಮಕ್ಕಳು ಇನ್ನೂ ಆಡುತ್ತಿರುವಾಗ ನಾವು ಮೂವರು, ನಾನು, ತಂಗಿ ಚಂದನಾ, ದೊಡ್ಡಪ್ಪನ ಮಗ ಸನ್ಮತಿ, ಉಂಡ ಹೊಟ್ಟೆಯಲ್ಲಿ ಮಾಳಿಗೆಯ ಮೇಲೆ ಕೂತಿರುತ್ತಿದ್ದೆವು. ಆ ಒಂದು ತಾಸು ಅತ್ತೆಯದು.

ಶಕ್ಕು ಅತ್ತೆ ಅಪ್ಪನ ತಂಗಿ. ಗಡಹಿಂಗ್ಲಜದ ಗಂಡನ ಮನೆಯಿಂದ ಒಂದು ಟ್ರಂಕಿನೊಂದಿಗೆ ಮರಳಿ ಬಂದಿದ್ದಳು. ಯಾಕೆಂದು ನಮಗೆ ಯಾರೂ ಹೇಳಿರಲಿಲ್ಲ. ಹಗಲೆಲ್ಲ ಕೆಳಗಿನ ಮಗ್ಗದ ಶೆಡ್ಡಿನಲ್ಲಿ ಕೂತು, ಲಾಳಿಯೊಳಗೆ ಇಡುವ ಕಾಂಡಿಗಳಿಗೆ ನೂಲು ತುಂಬುತ್ತಿದ್ದಳು. ಮನೆಯಲ್ಲಿ ಯಾವ ಮಾತಿಗೂ ಅವಳನ್ನು ಕೇಳುತ್ತಿರಲಿಲ್ಲ. ಸೀರೆ ಕೊಳ್ಳುವಾಗಲೂ, ಅವಳದೇ ಸೀರೆಯಾದರೂ, ಬಣ್ಣ ಆರಿಸುತ್ತಿದ್ದವಳು ದೊಡ್ಡಮ್ಮ.

ಟ್ರಂಕಿನಲ್ಲಿ ಒಂದು ಮರಾಠಿ ಮಕ್ಕಳ ಪುಸ್ತಕವಿತ್ತು. ಬಾವಿಯಲ್ಲಿ ಸಿಕ್ಕ ಬೆರಳುದ್ದದ ಮೀನಿಗೆ ಒಬ್ಬ ಹುಡುಗಿ ಬೆಲ್ಲ, ರೊಟ್ಟಿ ಹಾಕಿ ಸಾಕುತ್ತಾಳೆ. ಮೀನು ಬೆಳೆದು ಬಾವಿ ಸಾಲದೆ ಕೆರೆಗೆ, ಕೆರೆ ಸಾಲದೆ ಹೊಳೆಗೆ ಹೋಗುತ್ತದೆ. ಬಸ್ಸಿನಷ್ಟಾಗುತ್ತದೆ. ಶಾಲೆಯಲ್ಲಿ ಎಲ್ಲರೂ ಮೆಚ್ಚಿದ್ದ ಪುಸ್ತಕ ಅದು. ನಾವು ಕಲಿಯುತ್ತಿದ್ದುದು ಮರಾಠಿ ಶಾಲೆಯಲ್ಲೇ, ನಾವೇ ಓದಬಹುದಿತ್ತು. ಆದರೆ ಅತ್ತೆ ಪುಸ್ತಕ ತೆರೆದಿಟ್ಟು ನೇರ ನಮ್ಮ ಕನ್ನಡದಲ್ಲಿ ಹೇಳುವಾಗ ಮೀನು ಕುರುಂದವಾಡದ ಸಂಗಮಕ್ಕೆ ಬರುತ್ತಿತ್ತು, ನಮ್ಮಜ್ಜಿಯಂತೆ ಗೊಣಗುತ್ತಿತ್ತು. ಮಗ್ಗದ ಸದ್ದಿಗೆ ಮೇಲಾಗಿ ಕೂಗಿ ಹೇಳಿ ರೂಢಿಯಾದ ದನಿ. ನಡುವೆ ಕರೆಂಟು ಹೋಗಿ ಮಗ್ಗಗಳು ನಿಂತರೆ ಆ ದನಿ ಇಡೀ ಓಣಿಗೆ ಕೇಳಿಸುತ್ತಿತ್ತು. ಅತ್ತೆ ನಾಚಿ ಸೆರಗು ಬಾಯಿಗೆ ಹಿಡಿಯುತ್ತಿದ್ದಳು.

ಪ್ರತಿ ವರ್ಷ ಚಾತುರ್ಮಾಸಕ್ಕೆ ಶುರು, ಚಾತುರ್ಮಾಸದೊಂದಿಗೇ ಮುಕ್ತಾಯ. ಕೊನೆಯಲ್ಲಿ ಮಹಾಪೂರ ಬಂದು, ಮೀನು ಒಡ್ಡಿನ ಬಾಗಿಲಿಗೆ ಅಡ್ಡವಾಗಿ ಸಿಕ್ಕಿಕೊಂಡು, ನೀರು ಊರಿಗೆ ನುಗ್ಗುತ್ತದೆ. ಊರವರು ಭರ್ಚಿ ಹಿಡಿದು ಬರುತ್ತಾರೆ. ಆಗ ಮೀನು ಪಾರಾಗಿ ಹೋಗುತ್ತಿತ್ತು. ಹೇಗೆ ಎಂಬುದೇ ಕತೆಯ ಜೀವ. ಅಷ್ಟನ್ನು ಹೇಳಲು ಅತ್ತೆಗೆ ಎರಡು ಸಂಜೆ ಹಿಡಿಯುತ್ತಿತ್ತು.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಆ ಪುಸ್ತಕ ಸಿನೆಮಾ ಆಯಿತು. ಮಾಡಿದವರು ಹೆಸರಾಂತ ಹಿರಿಯ ನಿರ್ದೇಶಕರು. ಅವರ ಹಳೆಯ ಚಿತ್ರಗಳನ್ನು ಅಪ್ಪ ಹೊಗಳುತ್ತಿದ್ದರು. ಮೀನನ್ನು ಕಂಪ್ಯೂಟರಿನಲ್ಲೇ ಮಾಡಿದ್ದಾರೆಂದು ಪೇಪರಿನಲ್ಲಿ ಬಂತು, ಪಕ್ಕದಲ್ಲಿ ಮೀನಿನ ಚಿತ್ರ. ಶಾಲೆಯಲ್ಲಿ ಜಗಳವೇ ನಡೆಯಿತು. ಮೀನಿಗೆ ನೀಲಿ ಕಣ್ಣು, ಉದ್ದ ರೆಪ್ಪೆ.

"ಮೀನಿಗಿ ಕಾಡಿಗಿ ಹಚ್ಯಾರ ನೋಡ್ರಿ," ಅಂದ ಸನ್ಮತಿ. "ಲಗ್ನಕ್ಕ ಹೊಂಟೈತಿ."

"ಇರಲಿ ಬಿಡೋ. ಮುದುಕಗ ಕಣ್ಣ ಮಂಜಾಗಿರಬೇಕು," ಅಂತ ಅತ್ತೆ ನಕ್ಕಳು. ಆದರೆ ದೀವಳಿಗೆ ರಜೆಯಲ್ಲಿ ಕೊಲ್ಹಾಪುರಕ್ಕೆ ಸಿನೆಮಾಕ್ಕೆ ಹೋಗುವುದೆಂದಾಗ, "ನೀವು ಹೋಗಿ ಬರ್ರಿ, ನಾ ಒಲ್ಲೆ," ಅಂದಳು. ಸಂಕೋಚವೆಂದುಕೊಂಡೆವು. ಚಂದನಾ ಅವಳ ಸೆರಗು ಹಿಡಿದು ಬಸ್ಸಿನ ತನಕ ಎಳೆದುಕೊಂಡು ಹೋದಳು.

ಹೊತ್ತು ಮುಳುಗುವ ಮುಂಚೆ ಉಣ್ಣಬೇಕಾದ್ದರಿಂದ ಮಧ್ಯಾಹ್ನದ ಆಟಕ್ಕೇ ಹೋದೆವು. ಪರದೆಯ ಮೇಲೆ ನೀರು ನಿಜಕ್ಕೂ ಮೈಮೇಲೆ ಬಂದಂತಿತ್ತು. ಮೀನು ಮಾತ್ರ ಹೊಸ ಪ್ಲಾಸ್ಟಿಕ್ ಕೊಡದ ಹಾಗೆ ಹೊಳೆಯುತ್ತಿತ್ತು. ಹಿಂದಿನ ಸಾಲಿನವರು ಪುಸ್ತಕದ ಮಾತುಗಳನ್ನು ಮುಂಚೆಯೇ ಹೇಳುತ್ತ, ಬಿಟ್ಟದ್ದಕ್ಕೆಲ್ಲ ಲೊಚಗುಟ್ಟುತ್ತಿದ್ದರು. ಮಹಾಪೂರ ಬರುತ್ತಿದ್ದಂತೆ ಅತ್ತೆ ಎದ್ದು ನಿಂತಳು.

"ನಡೀರಿ, ಬಸ್ಸ ತಪ್ಪತೈತಿ."

"ಇನ್ನೂ ಹೊತ್ತ ಐತಿ, ಕೂಡ ಅತ್ತಿ," ಅಂದ ಸನ್ಮತಿ.

ಅವಳು ಕೂತಳು. ಭರ್ಚಿಗಳು ಬಂದವು. ನಿರ್ದೇಶಕರು ಆ ದೃಶ್ಯಕ್ಕೆ ಬಹಳ ದುಡಿದಿರಬೇಕು. ಒಂದೊಂದು ಹನಿಯೂ ಗಾಳಿಯಲ್ಲಿ ನಿಂತು ನಿಂತು ಬಿತ್ತು. ಮೀನು ಸತ್ತಿತು.

ಹೊರಗೆ ಅಂಗಳದಲ್ಲಿ ಜನ ಗುಂಪು ಗುಂಪಾಗಿ ನಿಂತು ಬೈಯುತ್ತಿದ್ದರು. "ಪುಸ್ತಕಾಚಿ ವಾಟ ಲಾವಲಿ," ಪುಸ್ತಕ ಹಾಳು ಮಾಡಿಬಿಟ್ಟರು, ಎಂದು ಕಾಲೇಜಿನ ಒಬ್ಬ ಹುಡುಗ. ಹುಡುಗಿಯ ತಾಯಿಯ ಪಾತ್ರವನ್ನೇ ತೆಗೆದಿದ್ದಾರೆಂದು ಇನ್ನೊಬ್ಬ. ಸನ್ಮತಿ ಅವರ ನಡುವೆ ನುಗ್ಗಿ ಮರಾಠಿಯಲ್ಲಿ ಹೇಳಿದ: ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಮೀನನ್ನು ಸಾಯಿಸಿದ್ದು, ಪುಸ್ತಕದಲ್ಲಿ ಅದು ಸಾಯುವುದಿಲ್ಲ.

ಅವರೆಲ್ಲ ನಕ್ಕರು. ಯಾವ ಪುಸ್ತಕ ಓದಿದ್ದೀಯೋ ಎಂದು ಕೇಳಿದರು. ಸನ್ಮತಿ ಅತ್ತೆಯ ಕಡೆ ಕೈ ತೋರಿಸಿದ. ಅವಳು ತಿಂಡಿಯ ಚೀಲ ಹಿಡಿದು ಕಂಬದ ಪಕ್ಕ ನಿಂತಿದ್ದಳು.

ಅಲ್ಲೇ ಮೇಜಿನ ಮೇಲೆ ಅದೇ ಪುಸ್ತಕ ಮಾರುತ್ತಿದ್ದರು, ಸಿನೆಮಾದ ಮೀನನ್ನು ಹೊಸದಾಗಿ ಮುಖಪುಟಕ್ಕೆ ಹಾಕಿ. ಸನ್ಮತಿ ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟ. "ರೇಖಾ, ನಿನ್ನ ಮರಾಠಿ ಚಲೋ ಐತಿ. ಕಡೀ ಪಾನ ಓದ. ಇವರಿಗೆ ತಿಳೀಲಿ."

ಕೊನೆಯ ಪುಟ ತೆಗೆದೆ. ಮೊದಲ ಸಾಲಿಗೇ ಗೊತ್ತಾಯಿತು, ಪುಸ್ತಕದಲ್ಲೂ ಮೀನು ಸಾಯುತ್ತದೆ. ತಲೆ ಎತ್ತಿದಾಗ ಅತ್ತೆ ನನ್ನನ್ನೇ ನೋಡುತ್ತಿದ್ದಳು. ಪುಸ್ತಕ ಮುಚ್ಚಿ, ಬಸ್ಸಿಗೆ ಹೊತ್ತಾಯಿತು ಅನ್ನಬಹುದಿತ್ತು. ಆದರೆ ನಾನು ಶಾಲೆಯ ವಾಚನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದವಳು. ಸುತ್ತ ಅಷ್ಟು ಜನ ಕಾಯುತ್ತಿದ್ದರು. ಓದಿದೆ. ಒಂದಕ್ಷರ ತಪ್ಪದೆ, ಸ್ವಲ್ಪ ವಿರಾಮಗಳನ್ನೂ ಕೊಟ್ಟು. ಚಂದನಾಳಿಗೆ ತಿಳಿಯಲಿಲ್ಲವೆಂದಾಗ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದೆ. ಕೊನೆಗೆ ಯಾರೋ ಶಾಭಾಸ್ ಅಂದರು.

ಬಸ್ಸಿನಲ್ಲಿ ಸನ್ಮತಿ ಕೇಳಿದ, "ಮತ್ತ ಏನೇನ ಸುಳ್ಳ ಹೇಳೀದಿ ಅತ್ತಿ ನಮಗ?"

"ಚಾತುರ್ಮಾಸದಾಗ ಒಂದ ಜೀವ ಕೊಲ್ಲೂದನ್ನ ಬಾಯಿಲೆ ಹ್ಯಾಂಗ ಹೇಳಲೋ ಅಪ್ಪಿ?" ಅಂದಳು ಅತ್ತೆ. "ಮದಲನೇ ವರ್ಷ ಆ ಪಾನ ಬಂತು, ನಾಲಿಗಿ ಹೊಳ್ಳಲಿಲ್ಲ. ಹೋತು ಅಂತ ಹೇಳಿದೆ. ಎಲ್ಲಿ ಹೋತು ಅಂತ ನೀವು ಕೇಳಿದ್ರಿ."

"ಹಂಗಾರ ಮೀನ ಖರೇನ ಸತ್ತೈತಿ?" ಚಂದನಾ ಅಳುತ್ತಿದ್ದಳು. ಅತ್ತೆ ಕಿಟಕಿಯ ಕಡೆ ತಿರುಗಿದಳು.

ಸನ್ಮತಿ ಮನೆಯಲ್ಲಿ ಎಲ್ಲವನ್ನೂ ಹೇಳಿದ. ಎಲ್ಲರೂ ನಕ್ಕರು, ಅಪ್ಪ ಕೂಡ. ಆಮೇಲೆ ಅದು ಮನೆಯ ಮಾತೇ ಆಗಿಹೋಯಿತು. ಯಾರಾದರೂ ಸುಳ್ಳು ಹೇಳಿದರೆ ದೊಡ್ಡಮ್ಮ, "ಶಕ್ಕುನ ಪುಸ್ತಕ ಓದಬ್ಯಾಡ," ಅನ್ನುತ್ತಿದ್ದಳು. ಅತ್ತೆ ಬಡಿಸುತ್ತಿರುವಾಗಲೂ ಅನ್ನುತ್ತಿದ್ದಳು. ನಾನೂ ಒಂದೆರಡು ಸಲ ಅಂದಿದ್ದೇನೆ.

ಮುಂದಿನ ಚಾತುರ್ಮಾಸದಲ್ಲಿ ನಾವು ಉಂಡು ಟಿವಿಯ ಮುಂದೆ ಕೂತೆವು. ಅತ್ತೆ ಆ ತಾಸಿನಲ್ಲೂ ಶೆಡ್ಡಿಗೆ ಇಳಿದು ಕಾಂಡಿ ತುಂಬತೊಡಗಿದಳು. ಯಾರೂ ಅವಳನ್ನು ಮೇಲೆ ಕರೆಯಲಿಲ್ಲ.

ಈಗ ಅದೇ ಸಿನೆಮಾ ಫೋನಿನಲ್ಲಿ ಸಿಗುತ್ತದೆ. ಕೆಳಗೆ ಜನ ಬರೆಯುತ್ತಾರೆ: ಇದು ನಮ್ಮ ಬಾಲ್ಯ, ಆ ಮೀನಿನಂಥ ಮೀನು ಮತ್ತೆ ಬರಲಿಲ್ಲ. ಅಂದು ಅಂಗಳದಲ್ಲಿ ಬೈದವರೂ ಅವರಲ್ಲಿರಬಹುದು. ಅವರ ಮೀನು ಪುಸ್ತಕದಲ್ಲೂ ಉಳಿದಿದೆ, ಸಿನೆಮಾದಲ್ಲೂ. ಅತ್ತೆಯದು ಕಾಗದದ ಮೇಲೆ ಎಲ್ಲೂ ಇರಲಿಲ್ಲ. ನಮ್ಮ ಮೂವರ ತಲೆಯಲ್ಲಷ್ಟೇ ಇತ್ತು. ಸನ್ಮತಿ ಶಿರೋಳಿಯ ಫೌಂಡ್ರಿಯಲ್ಲಿದ್ದಾನೆ. ಕೇಳಿದರೆ, "ಯಾರಿಗೆ ನೆನಪೈತಿ ಅದೆಲ್ಲಾ," ಅನ್ನುತ್ತಾನೆ. ಮೀನು ಮೊದಲಿನಿಂದಲೂ ಸಾಯುತ್ತಿತ್ತೆಂದು ಚಂದನಾ ವಾದಿಸುತ್ತಾಳೆ. ನನಗೆ ಮಹಾಪೂರ ಬಂದದ್ದು ನೆನಪಿದೆ, ಭರ್ಚಿ ಹಿಡಿದವರು ನಿಂತದ್ದು ನೆನಪಿದೆ. ಅಲ್ಲಿಂದ ಮುಂದಿನ ಎರಡು ಸಂಜೆ ನೆನಪಿಲ್ಲ. ಎಷ್ಟು ಹುಡುಕಿದರೂ ಕೈಗೆ ಬರುವುದು ಆ ಪುಟ, ನನ್ನದೇ ದನಿಯಲ್ಲಿ.

ಹೋದ ವರ್ಷ ಚಾತುರ್ಮಾಸದಲ್ಲಿ ಮನೆಗೆ ಹೋದಾಗ ಅತ್ತೆ ಅವರೆಕಾಳು ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ.

"ಅತ್ತಿ, ಆ ಮೀನ ಕಡೀಕ ಹ್ಯಾಂಗ ಪಾರಾಗತಿತ್ತು?"

"ಯಾವ ಮೀನ?"

"ಪುಸ್ತಕದಾಗಿಂದು. ನೀ ಹೇಳತಿದ್ದಿ ಅಲ್ಲ?"

ಅವಳು ಕೈ ನಿಲ್ಲಿಸಿ ಯೋಚಿಸಿದಳು. ನಿಜವಾಗಿಯೇ ಯೋಚಿಸಿದಳು.

"ಎಲ್ಲಿ ಪಾರಾತವ್ವಾ," ಅಂದಳು. "ಅದು ಸತ್ತಹೋತಲ್ಲ. ನೀನ ಓದಿ ಹೇಳಿದಿ."